ವಾಚನಾಲಯದ ಓರೆ ಅಕ್ಷರ

ಗೆಳೆಯ ದಸ್ತಗೀರಸಾಬ,

ನೀನು ತೀರಿಕೊಂಡು ಆರು ವರ್ಷವಾಯಿತು. ಆದರೂ ಈ ಸುದ್ದಿಯನ್ನು ನಿನಗೇ ಹೇಳಬೇಕು. ನಮ್ಮೂರು ಸಂಖದ ವಾಚನಾಲಯಕ್ಕೆ ಹೊಸ ಬೋರ್ಡು ಬಂತು. ಮೊದಲು ಫ್ಲೆಕ್ಸ್ ಅಂಗಡಿಗೆ ಹೋಗಿ, ನೀನು ಬೋರ್ಡುಗಳಿಗೆ ಬರೆಯುತ್ತಿದ್ದಂಥ ದಪ್ಪ ಓರೆ ಅಕ್ಷರ ಬೇಕೆಂದೆ. ಅವರ ಕಂಪ್ಯೂಟರು ನೆಟ್ಟಗಿನ ಅಕ್ಷರವನ್ನೇ ನೂಕಿ ಬಾಗಿಸಿತು. ಅಕ್ಷರಗಳ ತುದಿಯ ಪಾದದಂಥ ಪುಟ್ಟ ಗೆರೆಗಳೆಲ್ಲ ಸೊಟ್ಟಗಾದವು. "ಇದು ಓರೆ ಅಲ್ಲೋ, ಜೋಲಿ ಹೊಡದದ್ದು!" ಎಂದು ಬೈದು ಬಂದು, ನಿನ್ನ ಮಗಳು ಸಾಬೇರಾಳ ಕೈಗೆ ಕುಂಚ ಕೊಟ್ಟೆ.

"ನೆಟ್ಟಗ ಬರೀಲೇನ್ರಿ ಕಾಕಾ? ಹಳೇ ಬೋರ್ಡಿನ್ಯಾಗ ನಮ್ಮ ಅಬ್ಬಾ ಓರೆ ಬರದದ್ದನ್ನ ನೀವ ಅಳಿಸಾಕ ಹಚ್ಚಿದ್ರಂತ!" ಎಂದು ನಕ್ಕಳು.

"ಓರೇನ ಬರಿಯವ್ವಾ. ಓಡೋ ಬಸ್ಸಿನ್ಯಾಗ ಕುಂತವರಿಗೂ ಕಾಣಬೇಕು" ಎಂದೆ. ಅಂದು ನಾನು ಅಳಿಸೆಂದಾಗ ನೀನು ಹೇಳಿದ್ದೂ ಅದನ್ನೇ.

ಇಂದು ಬಸ್ಸಿನಿಂದ ಓದಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು, ಎದುರಿನ ಬಸ್ಸು ಹತ್ತಿ ಇನ್ನೊಮ್ಮೆ ಓದಿದೆ.