ಎಂಬತ್ತರಲ್ಲಿಟ್ಟ ಸ್ಟಿಯರಿಂಗ್

ಕಾಮನಾಯಕನ್‌ಪಾಳಯಂ
೧೫-೬-೨೦೨೫, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಭಿ ಕಣ್ಣು,

ಹೇಗಿದ್ದೀಯ? ಮಸ್ಕತ್ತಿನಲ್ಲಿ ಈಗ ಹೊರಗೆ ಕಾಲಿಡಲಾಗದಷ್ಟು ಬಿಸಿಲು ಎಂದು ಹೋದ ವಾರ ಹೇಳಿದ್ದೆ. ನೀನು ಮಾಲಿನ ಒಳಗೇ ಕೂತು ಕೆಲಸ ಮಾಡುವವಳು, ನಿನಗೆ ಬಿಸಿಲಿಗಿಂತ ಎ.ಸಿ.ಯ ಥಂಡಿಯೇ ಹೆಚ್ಚು ಕಾಟ ಕೊಡುತ್ತಿರಬೇಕು. ಮೂಗು ಕಟ್ಟಿದ ಆ ದನಿ ಸರಿಹೋಯಿತೋ ಇಲ್ಲವೋ? ನಾನು ಕಟ್ಟಿಕೊಟ್ಟ ಮೆಣಸಿನ ಪುಡಿಯನ್ನು ಡಬ್ಬದಲ್ಲೇ ಇಟ್ಟು ಪೂಜೆ ಮಾಡುತ್ತಿದ್ದೀಯ ಎಂದು ನನಗೆ ಗೊತ್ತು. ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನು. ಇಲ್ಲಿ ನಾವು ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಎಂದುಕೊಂಡು ಮುಂದೆ ಓದು.

ಕೈಯಲ್ಲಿ ಫೋನಿರುವಾಗ ಅಮ್ಮ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿರುವುದು ಒಂದೇ, ಅದೂ ನಿಮ್ಮ ಅಪ್ಪನ ಜೇಬಿನಲ್ಲಿ. ನೀನು ಕರೆ ಮಾಡಿದರೆ ಸ್ಪೀಕರಿಗೆ ಹಾಕಿ ಬೀದಿಗೆಲ್ಲ ಕೇಳಿಸುತ್ತಾರೆ. ನನಗೆ ನಿನ್ನೊಡನೆ ಅವರಿಲ್ಲದೆ ನಾಲ್ಕು ಮಾತಾಡಬೇಕಿತ್ತು. ಮನೆಯಲ್ಲಿ ಕನ್ನಡ ಆಡುತ್ತಾರೆಯೇ ಹೊರತು ಅವರಿಗೆ ಓದಲು ಬರುವುದು ತಮಿಳು ಮಾತ್ರ. ತಾಳವಾಡಿಯಲ್ಲಿ ಕನ್ನಡ ಶಾಲೆಗೆ ಹೋದವಳು ನಾನು. ನಿನಗೂ ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಯ ಜಗಲಿಯ ಮೇಲೆ ಕೂರಿಸಿ ಅಕ್ಷರ ತಿದ್ದಿಸಿದೆ. ಆಗ ಇದರಿಂದ ಏನು ಪ್ರಯೋಜನ ಎಂದು ಅತ್ತಿದ್ದೆಯಲ್ಲ, ಇದೇ ಪ್ರಯೋಜನ. ಬರೆದು ಮುಗಿಸಿದ ಮೇಲೆ ಪಕ್ಕದ ಮನೆಯ ಕಲೈಸೆಲ್ವಿ ತನ್ನ ಫೋನಿನಲ್ಲಿ ಫೋಟೋ ತೆಗೆದು ನಿನಗೆ ಕಳಿಸುತ್ತಾಳೆ. ಅವಳಿಗೂ ಈ ಅಕ್ಷರ ಬಾರದು.

ಗಾಳಿ ಶುರುವಾಗಿದೆ. ಬಾಗಿಲು ಹಾಕಿದರೆ ಸೆಕೆ, ತೆಗೆದರೆ ಅನ್ನದ ಮೇಲೆಲ್ಲ ಮಣ್ಣು. ಗಾಳಿಯಂತ್ರಗಳು ಮಾತ್ರ ಹಬ್ಬದ ಹಾಗೆ ತಿರುಗುತ್ತಿವೆ. ಮನೆಯ ಹಿಂದಿನ ಕೋಳಿ ಫಾರಂನ ನೊಣಗಳೂ ಗಾಳಿಗೆ ಹಾರಿಹೋಗುತ್ತವೆ ಎಂದುಕೊಂಡಿದ್ದೆ. ಅವು ಒಳಗೆ ಬಂದು ನಮ್ಮ ಜೊತೆಗೇ ವಾಸ ಮಾಡಿಕೊಂಡಿವೆ. ಸರಿ, ಸುತ್ತಿ ಬಳಸಿ ಎಷ್ಟು ಹೊತ್ತು ಬರೆಯಲಿ. ನಿಮ್ಮ ಅಪ್ಪನ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ. ಮೊದಲಿನಿಂದ ಹೇಳದಿದ್ದರೆ ನನಗೇ ದಾರಿ ತಪ್ಪುತ್ತದೆ.

ಹೋದ ದೀಪಾವಳಿ ಕಳೆದ ಮೇಲೆ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋದಾಗ, ಕಾಲು ಉಳಿಯಿತು, ಮಾತು ಉಳಿಯಿತು ಎಂದು ನಾವು ದೇವರಿಗೆ ಕೈ ಮುಗಿದೆವು. ಅವರಿಗೆ ಅದು ಯಾವುದೂ ಬೇಕಿರಲಿಲ್ಲ. ನಮ್ಮ ಊರ ಹೆಂಗಸರನ್ನು ಪಲ್ಲಡಂ ದಾರಿಯಾಗಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಕರೆದೊಯ್ದು ಕರೆತರುವ ವ್ಯಾನು ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವರನ್ನು ಎಬ್ಬಿಸಿದವಳು ನೀನು. ಆಗ ನೀನು ಕೆಲಸಕ್ಕಿದ್ದ ಕಂಪ್ಯೂಟರ್ ಆಟದ ಆಫೀಸಿನಲ್ಲಿ ಹಳತಾಯಿತೆಂದು ಮೂಲೆಗೆ ಹಾಕಿದ್ದ ರೇಸ್ ಆಟದ ಸ್ಟಿಯರಿಂಗನ್ನು ತಂದೆ. ಕುರಿಚಿಯ ವೆಲ್ಡಿಂಗ್ ಪಟ್ಟರೆಯಲ್ಲಿ ಪೈಪು ಬೆಸೆಸಿ, ಗುಜರಿಯಿಂದ ವ್ಯಾನಿನ ಡ್ರೈವರ್ ಸೀಟು ತಂದು ಕೂರಿಸಿ, ಕಂಪ್ಯೂಟರಿಗೆ ಜೋಡಿಸಿದೆ. ಕೈಗೆ ವ್ಯಾಯಾಮ ಹೇಳಿಕೊಡುವ ಆ ಹುಡುಗಿಯೂ ಇಷ್ಟಪಟ್ಟು ಮಾಡುವ ಕೆಲಸ ಏನಿದ್ದರೂ ಒಳ್ಳೆಯದು ಎಂದಳು. ಆ ದಿನ ನಿಮ್ಮ ಅಪ್ಪ ಸೀಟಿನಲ್ಲಿ ಕೂತು ಬೆನ್ನು ಸರಿಮಾಡಿಕೊಂಡದ್ದನ್ನು ನೋಡಿ ನಾನು ಅಡಿಗೆ ಮನೆಗೆ ಹೋಗಿ ಅತ್ತೆ.

ಆಮೇಲೆ ಶುರುವಾಯಿತಲ್ಲ ಅವರ ತಕರಾರು. ಸ್ಟಿಯರಿಂಗ್ ಅರ್ಧ ಸುತ್ತಿಗೇ ನಿಲ್ಲುತ್ತದೆ, ಇದು ವಂಡಿಯೋ ಗಿರಗಿಟ್ಲೆಯೋ ಎಂದರು. ನೀನು ತಿರುಗುವ ಅಳತೆಯನ್ನು ಹೆಚ್ಚಿಸಿ ಎರಡೂವರೆ ಸುತ್ತು ಮಾಡಿಕೊಟ್ಟೆ. ಹಳೆಯ ವ್ಯಾನೆಂದ ಮೇಲೆ ನಡುವೆ ಸ್ವಲ್ಪ ಸಡಿಲ ಇರಲೇಬೇಕು ಎಂದರು. ಅದನ್ನೂ ಮಾಡಿದೆ. ರಸ್ತೆಯ ಅಂಚಿಗೆ ಚಕ್ರ ಇಳಿದರೆ ಅಂಗೈ ನಡುಗಬೇಕು ಎಂದರು, ನಡುಗಿಸಿದೆ. ರೇಸಿನ ಕಾರು ಕೊಟ್ಟರೆ ಆ ಮನುಷ್ಯ ಅದನ್ನು ನಲವತ್ತರ ವೇಗದಲ್ಲಿ ಓಡಿಸುತ್ತಾ, ತಿರುವು ಬಂದಾಗ ಕೈ ಹೊರಗೆ ಹಾಕಿ ಸಿಗ್ನಲ್ ತೋರಿಸುತ್ತಾ, ಉಳಿದ ಕಾರುಗಳೆಲ್ಲ ಬುಸ್ ಬುಸ್ ಎಂದು ದಾಟಿ ಹೋದರೆ ಅವರ ಅಪ್ಪ ಅಮ್ಮಂದಿರನ್ನು ನೆನೆಯುತ್ತಾ ಕೂತಿದ್ದರೆ ನಾವಿಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ಅವರಿಗೆ ಅದು ತಮ್ಮ ವ್ಯಾನಿನ ದಾರಿಯೇ, ಮೊದಲ ತಿರುವು ಸುಲ್ತಾನ್‌ಪೇಟೆಯಂತೆ, ಸೇತುವೆ ಅರುಳ್‌ಪುರವಂತೆ. ಅಲ್ಲಿ ನಿಧಾನ ಮಾಡಿ, ಯಾರಾದರೂ ಹತ್ತುವವರಿದ್ದಾರೋ ಎಂದು ಎಡಕ್ಕೆ ನೋಡುತ್ತಿದ್ದರು.

ಕೊನೆಯ ತಕರಾರೇ ನಮ್ಮನ್ನು ಹಿಡಿದು ಹಾಕಿದ್ದು. ಸ್ಟಿಯರಿಂಗಿಗೆ ತೂಕ ಇಲ್ಲ, ಆಟದ ಸಾಮಾನು ಇದು, ನಿಜವಾದ ತೂಕ ಕೊಡು ಎಂದರು. ಸ್ಟಿಯರಿಂಗ್ ಕೈಯನ್ನು ಎದುರು ತಳ್ಳುವ ಬಲವನ್ನು ನೀನು ಆಟದ ಒಳಗೆ ನೂರಕ್ಕೆ ಎಂಬತ್ತರಲ್ಲಿಟ್ಟೆ. ಮೊದಲ ತಿರುವಿನಲ್ಲೇ ಅದು ಎಡಗೈಯಿಂದ ಕಿತ್ತುಕೊಂಡು ಗಿರ್ರನೆ ತಿರುಗಿ, ಕಾರು ಗೋಡೆಗೆ ಬಡಿಯಿತು. ಆವತ್ತು ಅವರು ಊಟ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಹೀಗೆ ಬದುಕಿ ಯಾರಿಗೆ ಏನಾಗಬೇಕು ಎಂದು ಗೋಡೆಗೆ ಹೇಳಿದರು, ನನಗಲ್ಲ. ನನಗೆ ಭಯವಾಗಿ ನಿನ್ನನ್ನು ಹಿತ್ತಲಿಗೆ ಕರೆದೆ. ಏನಾದರೂ ಮಾಡು ಕಣ್ಣು ಎಂದು ಕೇಳಿಕೊಂಡವಳು ನಾನೇ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಸ್ಟಿಯರಿಂಗಿನ ಬಲವನ್ನು ಕೂಡಿಸುವುದು ಕಳೆಯುವುದು ಎರಡು ಕಡೆ ಎಂದು ಆಗ ತೋರಿಸಿಕೊಟ್ಟೆ. ಆಟದ ಒಳಗೆ ಒಂದು, ಕಂಪ್ಯೂಟರಿನಲ್ಲಿ ಸ್ಟಿಯರಿಂಗಿನದೇ ಪುಟದಲ್ಲಿ ಇನ್ನೊಂದು. ಅಪ್ಪ ನೋಡುವುದು ಆಟದ ಒಳಗಿನದನ್ನು ಮಾತ್ರ. ಅಲ್ಲಿ ಎಂಬತ್ತು ಹಾಗೇ ಇರಲಿ ಎಂದು ಬಿಟ್ಟು, ಅವರ ಕಣ್ಣಿಗೆ ಬೀಳದ ಕಡೆ ಇಪ್ಪತ್ತೈದಕ್ಕೆ ಇಳಿಸಿದೆ. ಮೇಲಿನ ಟ್ಯಾಂಕಿನ ವಾಲ್ವನ್ನು ಮುಚ್ಚಿ ಕೆಳಗೆ ನಲ್ಲಿಯನ್ನು ಪೂರ್ತಿ ತಿರುಗಿಸಿದ ಹಾಗೆ. ಮೂರನೆಯ ದಿನ ಅಪ್ಪ ಕೂತು ಒಂದು ಸುತ್ತು ಮುಗಿಸಿದರು, ಗೋಡೆ ಮುಟ್ಟಲಿಲ್ಲ. ಪರದೆಯಲ್ಲಿ ಎಂಬತ್ತು ಎಂದೇ ಇತ್ತು. ನೋಡು ಜಾನಿ, ಕೈ ವಾಸಿಯಾಯ್ತು, ಎಂಬತ್ರಲ್ಲಿ ಓಡಿಸ್ದೆ ಎಂದು ನನಗೆ ಹೇಳಿದರು. ಆವತ್ತು ಅವರು ನಾಲ್ಕು ದೋಸೆ ತಿಂದರು. ಆ ದೋಸೆ ಹುಯ್ಯುತ್ತಾ ನಾನು ಎಷ್ಟು ಸಂತೋಷಪಟ್ಟೆ ಎಂದರೆ, ಇದು ಮುಂದೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಯೋಚಿಸಲೇ ಇಲ್ಲ. ಕೈ ಬಲವಾದ ಹಾಗೆ ಆ ಕಡೆಯದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತೇನೆ ಎಂದಿದ್ದೆ ನೀನು. ಅಷ್ಟರಲ್ಲಿ ಮಸ್ಕತ್ತಿನ ಕೆಲಸ ಬಂತು, ಹೋದೆ.

ಕೈ ಬಲವಾಗಲಿಲ್ಲ ಅಭಿ. ನನಗಿಂತ ಅದು ಯಾರಿಗೆ ಗೊತ್ತಾಗಬೇಕು? ಅಂಗಿಯ ಗುಂಡಿ ಹಾಕುವವಳು ನಾನು. ಸ್ನಾನದ ಟವೆಲ್ಲು ಹಿಂಡಿ ಕೊಡುವವಳು ನಾನು. ಎಡಗೈಗೆ ಕಾಫಿ ಲೋಟ ಕೊಟ್ಟರೆ ಹಿಡಿದಿದ್ದೇನೆ ಎಂದುಕೊಳ್ಳುತ್ತಾರೆ, ಲೋಟ ಕೆಳಗಿರುತ್ತದೆ. ಬಿದ್ದ ಲೋಟಕ್ಕೆ ಅವರು ಕೊಡುವ ಕಾರಣಗಳನ್ನು ಕೇಳಬೇಕು: ನೊಣ ಬಂತು, ಲೋಟ ಜಿಡ್ಡು, ನಾನು ಸರಿಯಾಗಿ ಕೊಡಲಿಲ್ಲ. ಸ್ಟಿಯರಿಂಗಿನ ಮೇಲೆ ಎಡಗೈ ಸುಮ್ಮನೆ ಕೂತಿರುತ್ತದೆ, ಬಲಗೈ ತಿರುಗಿಸಿದಲ್ಲಿಗೆ ಹೋಗುತ್ತದೆ, ಅಷ್ಟೇ. ಆಟದಲ್ಲಿ ಗೇರು ಬೇರೆ ತಾನಾಗಿಯೇ ಬೀಳುತ್ತದೆ. ವ್ಯಾನಿನಲ್ಲಿ ಗೇರು ಹಾಕಬೇಕಾದ ಕೈ ಯಾವುದು, ನೀನೇ ಹೇಳು. ಹೋದ ತಿಂಗಳು ತೋರಿಸಲು ಹೋದಾಗ ಡಾಕ್ಟರು ಇನ್ನೂ ಆರು ತಿಂಗಳು ಯಾವ ಗಾಡಿಯನ್ನೂ ಮುಟ್ಟಬೇಡಿ ಎಂದರು. ಆ ಡಾಕ್ಟರ್ ಎಂದಾದರೂ ಸ್ಟೇರಿಂಗು ಹಿಡಿದಿದ್ದಾನಾ ಎಂದು ಮೆಟ್ಟಿಲ ಮೇಲೇ ನನ್ನನ್ನು ಕೇಳಿದರು.

ಮೊನ್ನೆ ಶುಕ್ರವಾರ ಕಂಪನಿಯ ಸೂಪರ್‌ವೈಸರ್ ವೆಲ್ಲಿಂಗಿರಿ ಬಂದಿದ್ದರು, ಆರೋಗ್ಯ ವಿಚಾರಿಸಲು. ಅಪ್ಪನ ಜಾಗಕ್ಕೆ ಬಂದಿದ್ದ ಡ್ರೈವರ್ ಹೇಳದೆ ಕೇಳದೆ ಊರಿಗೆ ಹೋದನಂತೆ, ವ್ಯಾನು ನಿಂತಿದೆ. ನಿಮ್ಮ ಅಪ್ಪ ಬಿಡುತ್ತಾರೆಯೇ? ವೆಲ್ಲಿಂಗಿರಿಯ ಕೈಯಲ್ಲಿ ಕಾಫಿ ಇರುವಾಗಲೇ ಸೀಟಿನಲ್ಲಿ ಕೂತು ಮೂರು ಸುತ್ತು ಓಡಿಸಿ ತೋರಿಸಿದರು. ಪರದೆಯ ಎಂಬತ್ತಕ್ಕೆ ಬೆರಳಿಟ್ಟು, ಇದು ನಮ್ಮ ವಂಡಿಗಿಂತ ತೂಕ ಎಂದರು. ವೆಲ್ಲಿಂಗಿರಿ ತಾನೂ ಹಿಡಿದು ನೋಡಿದರು. ಅವರು ಓಡಿಸುವುದು ಸ್ಕೂಟರು, ಅವರಿಗೇನು ತಿಳಿಯಬೇಕು. ಅಣ್ಣಾ, ಸೋಮವಾರದಿಂದ ವಂದುಡುಂಗೊ, ಬಂದುಬಿಡಿ ಎಂದು ಹೇಳಿ ಎದ್ದರು. ನಾನು ಗೇಟಿನವರೆಗೆ ಹಿಂದೆಯೇ ಹೋಗಿ, ಇವರ ಎಡಗೈಯಲ್ಲಿ ಶಕ್ತಿಯಿಲ್ಲ, ಅದು ಬರೀ ಆಟ ಎಂದೆ. ಅಕ್ಕಾ, ನೀವು ಭಯಪಡಬೇಡಿ, ನಾನೇ ಕಣ್ಣಾರೆ ನೋಡಿದೆನಲ್ಲ ಎಂದು ಸ್ಕೂಟರು ಹತ್ತಿದರು. ನಿನ್ನೆ ಪಕ್ಕದ ಮನೆಯಲ್ಲಿ ಫೋನ್ ಕೇಳಿಕೊಂಡು ವೆಲ್ಲಿಂಗಿರಿಗೆ ಮತ್ತೆ ಮಾಡಿದೆ. ಹೆಂಡತಿಯರೆಲ್ಲ ಹೀಗೇ ಹೇಳುವುದು ಎಂದು ನಕ್ಕರು. ನಿನ್ನೆ ಸಂಜೆ ವ್ಯಾನು ತಂದು ನಮ್ಮ ಬೇವಿನ ಮರದ ಕೆಳಗೆ ನಿಲ್ಲಿಸಿ ಹೋಗಿದ್ದಾರೆ.

ಅಪ್ಪ ಬೆಳಿಗ್ಗೆಯಿಂದ ಅದನ್ನು ತೊಳೆಯುತ್ತಿದ್ದಾರೆ. ಒಂದೇ ಕೈಯಲ್ಲಿ. ಹಾಡು ಬೇರೆ. ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ಮಾತಾಡಿಸಿ ಹೋಗುತ್ತಿದ್ದಾರೆ, ಮದುವೆ ಮನೆಯ ಹಾಗೆ ಆಗಿದೆ. ಎಷ್ಟು ಜನ ಅದರಲ್ಲಿ ಹೋಗುತ್ತಾರೆ ನಿನಗೆ ಗೊತ್ತು. ಇಲ್ಲಿಂದ ನೋಡಿದರೆ ನಿಮ್ಮ ಅಪ್ಪ ಹಿಂದಿನ ಡ್ರೈವರ್ ಚಿನ್ನಸಾಮಿಯೇ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸೂ ಬಾರದು, ಬಿಡಲು ಧೈರ್ಯವೂ ಬಾರದು. ನಾನು ಏನು ಮಾಡಲಿ ಕಣ್ಣು?

ಒಂದು ಯೋಚನೆ ಬಂದಿದೆ. ಇವತ್ತು ಅವರು ಸ್ನಾನಕ್ಕೆ ಹೋದಾಗ ನೀನು ತೋರಿಸಿದ ಆ ಇನ್ನೊಂದು ಕಡೆಯದನ್ನು ನೂರಕ್ಕೆ ಏರಿಸಿಬಿಡುತ್ತೇನೆ. ನಿಜವಾದ ತೂಕ ಕೈಗೆ ಸಿಕ್ಕರೆ ಅವರಿಗೇ ತಿಳಿಯುತ್ತದೆ. ಇನ್ನೊಬ್ಬರು ಹೇಳುವುದಕ್ಕಿಂತ ಅದು ಮೇಲು. ಮತ್ತೆ ಗೋಡೆಗೆ ಮುಖ ಮಾಡಿದರೆ ನಾನು ಪಕ್ಕದಲ್ಲಿ ಕೂತಿರುತ್ತೇನೆ. ಮತ್ತೆ ಊಟ ಬಿಟ್ಟರೆ ನಾನೂ ಬಿಡುತ್ತೇನೆ, ಎಷ್ಟು ದಿನ ಹಟ ಮಾಡುತ್ತಾರೋ ನೋಡೋಣ.

ನೀನು ಹುಷಾರು. ರಾತ್ರಿ ತಲೆ ಒದ್ದೆ ಮಾಡಿಕೊಂಡು ಮಲಗಬೇಡ. ನಿನ್ನ ರೂಮಿನ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ಮಾದೇಶ್ವರ ನಿನ್ನ ಬೆನ್ನ ಹಿಂದೆ ನಿಂತಿರಲಿ.

ನಿನ್ನ ಅಮ್ಮ,
ಜಾನಮ್ಮ

ಮತ್ತೆ: ಸಂಜೆಯಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ನೂರಕ್ಕೆ ಏರಿಸಿದೆ. ಅಪ್ಪ ಕೂತರು, ಮೊದಲ ತಿರುವಿನಲ್ಲೇ ಸ್ಟಿಯರಿಂಗ್ ಎಡಗೈಯನ್ನು ಎತ್ತಿ ಎಸೆಯಿತು. ಅವರ ಮುಖ ಬಾಡಲೇ ಇಲ್ಲ ಅಭಿ. ಮಿಷಿನ್ ಕೆಟ್ಟೋಗಿದೆ ಎಂದರು. ತಾವೇ ಆ ಎಂಬತ್ತನ್ನು ಇಳಿಸುತ್ತಾ ಇಳಿಸುತ್ತಾ ಬಂದು, ಕೈಗೆ ಹಗುರಾದ ಕಡೆ ನಿಲ್ಲಿಸಿ, ಈಗ ಸರಿಯಾಯ್ತು, ನಮ್ಮ ವಂಡಿ ತೂಕ ಇದೇ ಎಂದರು. ನಿಜವಾದ ತೂಕ ಅವರಿಗೆ ಮರೆತೇ ಹೋಗಿದೆ. ನಾನು ತಡೆಯಲಾರದೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಎರಡು ಕಡೆ ಇರುವುದು, ನೀನು ಇಳಿಸಿದ್ದು, ಇಪ್ಪತ್ತೈದು, ಎಲ್ಲ. ಅವರು ಕೋಪ ಮಾಡಿಕೊಳ್ಳಲಿಲ್ಲ. ನಾನು ಬಸ್ಸಿನಲ್ಲಿ ತಪ್ಪು ಊರಿಗೆ ಟಿಕೆಟ್ ಕೇಳಿದ ಹಾಗೆ ನಗುತ್ತಾ ನನ್ನ ತಲೆ ಸವರಿ, ನಿಂಗೆ ಭಯ ಕಣೇ ಜಾನಿ, ಅದ್ಕೆ ಏನೇನೋ ಹೇಳ್ತೀಯ, ಅಭಿ ನಂಗೆ ಸುಳ್ಳು ಹೇಳ್ತಾಳಾ ಎಂದರು. ಇದರ ಫೋಟೋ ತೆಗೆಯಲು ಬಂದಿರುವ ಕಲೈಸೆಲ್ವಿಗೆ ನಾಳೆ ಕಂಪನಿಗೆ ಬಸ್ಸಿನಲ್ಲಿ ಹೋಗು ಎಂದೆ. ಮಾಮ ಬಂದಿರುವಾಗ ಬಸ್ಸು ಏಕೆ, ನಾನು ಮುಂದಿನ ಸೀಟು ಹಿಡಿದಿದ್ದೇನೆ ಅನ್ನುತ್ತಾಳೆ. ವ್ಯಾನು ಹೊರಡುವುದು ಬೆಳಿಗ್ಗೆ. ನಾನು ಹೇಳಿದ್ದಾಯಿತು, ಇನ್ನು ನೀನು ಹೇಳಬೇಕು. ಫೋನು ಅವರ ಜೇಬಿನಲ್ಲೇ ಇದೆ. ನೀನು ಮಾಡಿದರೆ ಅವರೇ ಎತ್ತುತ್ತಾರೆ.