ಪಂಕ್ತಿಯ ಮುಂದೆ ಓದಿದ ರಕ್ತ

ಬಳ್ಳಾರಿ, ಫೆಬ್ರವರಿ ಮೂವತ್ತು, 2311

ಹಿಂದಿನವರೇ,

ನಿಮ್ಮ ಫೆಬ್ರವರಿಯಲ್ಲಿ ಈ ದಿನವಿಲ್ಲ, ನಮ್ಮವರು ಸೇರಿಸಿಕೊಂಡಿದ್ದಾರೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಕನ್ನಡ ಎಂ.ಎ. ಓದಿದವಳು. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ನನಗೆ ಮನೆಯವರು ಕೊಟ್ಟಿರುವ ಕೆಲಸ, ಕೆಂಪೋಲೆಯನ್ನು ಗಟ್ಟಿಯಾಗಿ ಓದುವುದು.

ಕೆಂಪು ರಕ್ತಕಣಗಳಲ್ಲಿ ಯಾವ ಕಿಣ್ವ ಎಷ್ಟಿದೆ ಎಂದು ಬರೆದ ಕಾಗದವೇ ಕೆಂಪೋಲೆ. ಪ್ಯೂರೀನ್ ಎಂಬ ವಸ್ತುವನ್ನು ಕರಗಿಸಲು ನೆರವಾಗುವ ಕಿಣ್ವವೊಂದಿದೆ. ಅದಿಲ್ಲದ ಮಗುವಿನ ಮೈಯಲ್ಲಿ ವಿಷ ಕೂಡಿಕೊಂಡು, ರೋಗ ತಡೆಯುವ ಕಣಗಳು ಸಾಯುತ್ತವೆ. ಔಷಧಿಯಿದೆ, ಬೇಗ ಕೊಡಬೇಕು ಅಷ್ಟೇ. ನಾವು ಮಾಡುವುದು ಬೇರೆ. ನಾಮಕರಣದ ದಿನ ಮಗುವಿನ ಹಿಮ್ಮಡಿ ಚುಚ್ಚಿ, ಬಂದ ಕೆಂಪೋಲೆಯನ್ನು ಊಟಕ್ಕೆ ಕೂತವರ ಮುಂದೆ ಓದಿಸುತ್ತೇವೆ. ಕಿಣ್ವ ಕಡಿಮೆಯಿದ್ದರೆ ನೆಂಟರು ಎಲೆ ಮಡಚಿ ಎದ್ದು ಹೋಗುತ್ತಾರೆ. ಆಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

ನನ್ನ ಸೋದರತ್ತೆ ನೀಲಗಂಗಮ್ಮ ಮೊಮ್ಮಗಳ ರಕ್ತವನ್ನು ಮೊದಲೇ ಗುಟ್ಟಾಗಿ ನೋಡಿಸಿದ್ದಳು. ಆ ಕಿಣ್ವ ಸೊನ್ನೆ. ಲಸಿಕೆ ಹಾಕಿಸುತ್ತೇನೆಂದು ಬಾಣಂತಿ ಸೊಸೆ ಪಂಪಾವತಿಗೆ ಹೇಳಿ ಮಗುವನ್ನು ಒಯ್ದು, ಅದಕ್ಕೆ ಬೇರೆಯವರ ರಕ್ತ ಕೊಡಿಸಿ ಕರೆತಂದಳು. ಒಳ್ಳೆಯ ರಕ್ತ ಒಳಗೆ ಹೋಯಿತು, ಮಗು ಸರಿಹೋಯಿತು ಎಂದೇ ಅವಳು ನಂಬಿದ್ದಳು. ನನಗೂ ಹಾಗೇ ಹೇಳಿದಳು.

ನಾಮಕರಣದಂದು ಕೆಂಪೋಲೆಯಲ್ಲಿ ಎಲ್ಲವೂ ಸರಿಯಿತ್ತು. ರಕ್ತ ಏರಿಸಿದ ಕಡೆ ಮಗುವಿನ ತೋಳಿಗೆ ಅಂಟಿಸಿದ್ದ ಹತ್ತಿಯನ್ನು ನೋಡುತ್ತ ನಾನು ತಡವರಿಸಿದೆ. ಅತ್ತೆ ಬೆನ್ನಹಿಂದೆ ಬಂದು ಪಿಸುಗುಟ್ಟಿದಳು:

“ಓದವ್ವಾ, ಹೋಳಿಗಿ ಆರಾಕ ಹತ್ಯಾವ.”

ಓದಿದೆ. ಎಲ್ಲರೂ ಚಪ್ಪರಿಸಿ ಉಂಡರು. ತುಪ್ಪ ಸುರಿದ ಗಲ್ಲಗಳು ಇನ್ನೂ ಕಣ್ಣ ಮುಂದಿವೆ. ನಾನೂ ಉಂಡೆ.

ಮಗುವಿಗೆ ಜ್ವರ ಬಿಡಲಿಲ್ಲ. ಬಾಯಿ ತುಂಬ ಬಿಳಿ ಅಗ್ರದ ಹುಣ್ಣು, ಕೆಮ್ಮು. ವೈದ್ಯರು ಪ್ರತಿಸಲವೂ ಕೆಂಪೋಲೆ ನೋಡಿ, ರಕ್ತ ಚೆನ್ನಾಗಿದೆ ಎಂದು ಸಿರಪ್ ಬರೆದುಕೊಟ್ಟರು. ಆರನೆಯ ವಾರ ಪಂಪಾವತಿ ಆ ಕಾಗದ ಹಿಡಿದು ನನ್ನ ಹತ್ತಿರ ಬಂದಳು. ಇನ್ನೊಮ್ಮೆ ಓದು, ಏನಾದರೂ ಬಿಟ್ಟಿರಬಹುದು ಎಂದಳು.

ಬಿಟ್ಟಿದ್ದೆ. ಇದು ನಿನ್ನ ಮಗಳ ರಕ್ತವಲ್ಲ, ನಿನ್ನತ್ತೆ ಗುಟ್ಟಾಗಿ ಏರಿಸಿದ ಬೇರೆಯವರ ರಕ್ತದ ಲೆಕ್ಕ ಎಂದು ಹೇಳಿದೆ.

ಅವಳು ಚಪ್ಪಲಿಯನ್ನೂ ಮೆಟ್ಟದೆ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಔಷಧಿ ಶುರುವಾಗಿದೆ. ಒಂದು ಶ್ವಾಸಕೋಶ ಕೆಟ್ಟಿದೆಯಂತೆ, ಬದುಕುತ್ತಾಳೆ ಎನ್ನುತ್ತಾರೆ. ಅತ್ತೆ ನನ್ನನ್ನು ಕೇಳಿದ್ದು ಒಂದೇ: “ಇನ್ನ ನಮ್ಮ ಮನ್ಯಾಗ ಯಾರು ಉಣ್ತಾರ?”

ನಿಮ್ಮ ಕಾಲದಲ್ಲಿ ಇಂಥ ಪರೀಕ್ಷೆ ವೈದ್ಯರ ಕೋಣೆಯಲ್ಲೇ ಇದೆಯಂತೆ. ಅಲ್ಲೇ ಇರಲಿ. ಯಾರಾದರೂ ಅದನ್ನು ಪಂಕ್ತಿಯ ಮುಂದೆ ತಂದು ನಿಮ್ಮ ಕೈಗೆ ಕೊಟ್ಟರೆ, ದಯವಿಟ್ಟು ಓದಬೇಡಿ.

ಇಂತಿ,
ಹಂಪಮ್ಮ