ಗಂಡು ಎಂದು ಬರೆದ ತಮ್ಮ ಚೀಟಿ

ಜಾನುವಾರು ನೋಂದಣಿಯ ಮಾನ್ಯ ಅಧಿಕಾರಿಗಳೇ,

ತಮ್ಮ ಚೀಟಿಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಚೌಕಗಳಿವೆ. ಬೀಜ ಒಡೆಸಿಕೊಂಡ ಪ್ರಾಣಿಯನ್ನೂ ತಾವು ಗಂಡಿನ ಚೌಕಕ್ಕೇ ತುಂಬಿಸುತ್ತೀರಿ. ಅದನ್ನು ನಂಬಿ ನಾನು ಕೆಟ್ಟೆ. ನನ್ನ ಜೊತೆ ಅರವತ್ತು ಕುರಿಗಳ ಒಂದು ವರ್ಷವೂ ಕೆಟ್ಟಿತು.

ನಾನು ಸ್ವೇಲ್‌ಡೇಲ್ ಕಣಿವೆಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವನು. ಹುಂಜಕ್ಕೆ ಹೇಂಟೆ, ಹೋರಿಗೆ ಹಸು, ಟಗರಿಗೆ ಹೆಣ್ಣುಕುರಿ ಎಂದು ಕುರಿ ಸಾಕುವವರ ಮಕ್ಕಳಿಂದಲೇ ಬಾಯಿಪಾಠ ಮಾಡಿಸಿದ ಧೀರ. ಕಳೆದ ಅಕ್ಟೋಬರಿನಲ್ಲಿ ನೆರೆಯ ಎನಿಡ್ ಫಾಸೆಟ್ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಅವಳ ಮಂದೆ ತಾಯಿಯ ಕಾಲದಿಂದ ಬಂದದ್ದು. ಅದಕ್ಕೊಂದು ಟಗರು ತರಬೇಕಿತ್ತು. ಇಂಥ ಪಂಡಿತನಿರುವಾಗ ಬೇರೆಯವರೇಕೆ ಎಂದು ಆ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ.

ಸಂತೆಯಲ್ಲಿ ಸುರುಳಿ ಕೊಂಬಿನ ಒಂದನ್ನು ಮೆಚ್ಚಿದೆ. ಮಾರುವವನು ಅದರ ಬೆನ್ನು ತಟ್ಟಿ, "ಒಳ್ಳೇ ವೆದರ್, ಸರ್" ಅಂದ. ನಮ್ಮ ಇಂಗ್ಲಿಷಿನಲ್ಲಿ ಬೀಜ ಒಡೆದ ಟಗರಿನ ಹೆಸರಿಗೂ ಹವಾಮಾನಕ್ಕೂ ಉಚ್ಚಾರ ಒಂದೇ. ನಾನು ಆಕಾಶ ನೋಡಿ, "ಹೌದಪ್ಪಾ, ಮಧ್ಯಾಹ್ನಕ್ಕೆ ಬಿಸಿಲು ಬರುತ್ತೆ" ಅಂದೆ. ಚೀಟಿ ಓದಿದೆ: ಗಂಡು. ಸರ್ಕಾರವೇ ಹೇಳಿದ ಮೇಲೆ ಇನ್ನೇನು ಬೇಕು?

ಎನಿಡ್ ಹೇಳಿದಂತೆ ಅದರ ಎದೆಗೆ ಕೆಂಪು ಬಳಿದು ಮಂದೆಯೊಳಗೆ ಬಿಟ್ಟೆ. ಟಗರು ಏರಿದ ಕುರಿಯ ಬೆನ್ನಿಗೆ ಆ ಬಣ್ಣ ಹತ್ತಬೇಕು. ಆರು ವಾರವಾದರೂ ಒಂದು ಬೆನ್ನೂ ಕೆಂಪಾಗಲಿಲ್ಲ. ಅವಳು ಆಸ್ಪತ್ರೆಯಿಂದ ಫೋನ್ ಮಾಡಿದಾಗಲೆಲ್ಲ ನನ್ನದು ಒಂದೇ ಮಾತು: "ನಾಚಿಕೆ ಸ್ವಭಾವದ್ದು. ಹೊಸ ಜಾಗ ಅಲ್ವಾ, ಹೊಂದಿಕೊಳ್ಳಲಿ."

ಏಳನೆಯ ವಾರ ಅವಳು ಕೇಳಿದಳು, "ಮೇಷ್ಟ್ರೇ, ಅದರ ಹಿಂದೆ ಹೋಗಿ ಬಗ್ಗಿ ನೋಡಿದ್ದೀರಾ?"

"ಅದೆಲ್ಲಾ ಯಾಕೆ? ಚೀಟಿ ಇದೆಯಲ್ಲ."

"ಚೀಟಿ ಏರುತ್ತಾ ಕುರೀನ? ಹೋಗಿ ನೋಡಿ. ಫೋನ್ ಹಿಡ್ಕೊಂಡಿರ್ತೀನಿ."

ನೋಡಿ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆ ನಿಟ್ಟುಸಿರು ಕೇಳಿಸಿತು. "ಅಯ್ಯೋ ಲೆನರ್ಡ್" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದವರ ಟಗರನ್ನು ಬೇಡಿ ತರುವಷ್ಟರಲ್ಲಿ ಕಾಲ ಮೀರಿತ್ತು. ಅರವತ್ತರಲ್ಲಿ ಹದಿನೇಳು ಈದವು, ಅದೂ ಮೇ ತಿಂಗಳ ಕೊನೆಯಲ್ಲಿ. ಊರುಗೋಲಿನ ಮೇಲೆ ಬಂದ ಎನಿಡ್ ಕಲ್ಲುಗೋಡೆಗೆ ಒರಗಿ ಮರಿಗಳನ್ನು ಎಣಿಸಿದಳು. ನಾನು ನನ್ನ ಬೂಟು ನೋಡುತ್ತಿದ್ದೆ.

ಈ ಪತ್ರಕ್ಕೆ ಸಹಿ ಹಾಕು ಎಂದರೆ ಅವಳು ಒಪ್ಪಲಿಲ್ಲ. "ಕಚೇರಿಯವರು ಕುರಿ ಕಂಡಿಲ್ಲ, ಸರಿ. ನಿಮ್ಮ ಶಾಲೆ ಕಿಟಕಿ ಮುಂದೇನೇ ಮೂವತ್ತು ವರ್ಷ ಮೇಯ್ತಾ ಇದ್ವಲ್ಲ?"

ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ. ಆದರೂ ನನ್ನ ಒತ್ತಾಯ ನಿಂತೇ ಇದೆ: ಮುಂದಿನ ಅಕ್ಟೋಬರಿಗೆ ಮೊದಲು ಚೀಟಿಯಲ್ಲಿ ಮೂರನೆಯ ಚೌಕ ಹಾಕಿಸಿ. ಆ ತಿಂಗಳ ಟಗರಿನ ಸಂತೆಗೆ ಎನಿಡ್ ನನ್ನನ್ನೂ ಕರೆದಿದ್ದಾಳೆ. ಹಗ್ಗ ಹಿಡಿದು ಸುಮ್ಮನೆ ನಿಲ್ಲಬೇಕೆಂದು ಷರತ್ತು. ಒಪ್ಪಿಕೊಂಡಿದ್ದೇನೆ.

ಇಂತಿ,
ಲೆನರ್ಡ್ ಆಲ್ಡರ್ಸನ್
ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಸದ್ಯ ಕುರಿವಿದ್ಯೆಯ ಒಂದನೆಯ ತರಗತಿ